ಹಿನ್ನೀರಿನ ನಡುವೆ ಕತ್ತಲಾದರೆ ಏನು ಮಾಡಬೇಕು?

ಶನಿವಾರ ಬಂತೆಂದರೆ ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: ಪವನಾಕ್ಕೆ ಹೋಗೋಣ್ವಾ? ಪವನಾ ಅಂದರೆ ಪುಣೆ ಹತ್ತಿರದ ಅಣೆಕಟ್ಟಿನ ಹಿನ್ನೀರು. ಹೋದ ಡಿಸೆಂಬರಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಎಂಟು ಜನ ಹೋಗಿದ್ದೆವು. ಸೂರ್ಯ ಮುಳುಗುವುದನ್ನು ನೀರಿನ ಮೇಲಿಂದಲೇ ನೋಡೋಣ ಅಂತ ದೋಣಿ ಹತ್ತಿದೆವು. ನಡುನೀರಿನಲ್ಲಿ ಎಂಜಿನ್ ನಿಂತಿತು. ದೋಣಿಯವನ ಹತ್ತಿರ ಟಾರ್ಚ್ ಇಲ್ಲ, ಇದ್ದದ್ದು ಒಂದೇ ಹುಟ್ಟು. ದಡ ಮುಟ್ಟಿದಾಗ ಏಳೂವರೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಒಂದು ತಾಸಿನಲ್ಲಿ ನಾವು ಮಾಡಿದ ತಪ್ಪುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು.

ದೋಣಿ ಹತ್ತುವ ಮೊದಲು

ಮೊದಲು ಗಡಿಯಾರ ನೋಡಿ. ಪುಣೆಯಲ್ಲಿ ಡಿಸೆಂಬರಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತದೆ, ಜೂನಿನಲ್ಲಿ ಏಳು ದಾಟುತ್ತದೆ. ಮುಳುಗಿದ ಮೇಲೆ ಸರಿಯಾಗಿ ಕಣ್ಣು ಕಾಣುವಷ್ಟು ಬೆಳಕು ಉಳಿಯುವುದು 20–25 ನಿಮಿಷ ಮಾತ್ರ. ಸುತ್ತ ಗುಡ್ಡ ಇದ್ದಲ್ಲಿ ಇನ್ನೂ ಬೇಗ ಮಬ್ಬಾಗುತ್ತದೆ. ಹಾಗಾಗಿ ಸೂರ್ಯ ಮುಳುಗುವ ಹೊತ್ತಿಗೆ ನೀವು ದಡದಲ್ಲಿರಬೇಕು, ದೋಣಿಯಲ್ಲಲ್ಲ. ದೋಣಿಯವರನ್ನು ಮರಾಠಿಯಲ್ಲೇ ಕೇಳಿ: 'ದಾದಾ, ಅಂಧಾರ್ ಪಡಾಯಚ್ಯಾ ಆಧಿ ಪರತ್ ಯೇವೂ ನಾ?' ಕತ್ತಲಾಗುವ ಮೊದಲು ವಾಪಸ್ ಬರ್ತೀವಲ್ಲ ಅಂತ. ಉತ್ತರ ತಡವರಿಸಿದರೆ ಹತ್ತಬೇಡಿ.

ಲೈಫ್ ಜಾಕೆಟ್ ಕೊಟ್ಟರು, ಹಾಕಿಕೊಂಡೆವು ಅಂದರೆ ಸಾಲದು. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಹೇಳಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗದ್ದ, ಕಿವಿ ತನಕ ಬಂದರೆ ಅದು ನಿಮ್ಮ ಅಳತೆಯದಲ್ಲ. ನೀರಿಗೆ ಬಿದ್ದಾಗ ನೀವು ಕೆಳಗೆ, ಜಾಕೆಟ್ ಮೇಲೆ! ಮಕ್ಕಳಿಗೆ ಮಕ್ಕಳದ್ದೇ ಬೇಕು, ಕಾಲ ನಡುವೆ ಪಟ್ಟಿ ಇರುವಂಥದ್ದು. ಅಷ್ಟು ಚಿಕ್ಕದು ಇಲ್ಲ ಅಂದರೆ ಮಗು ದಡದಲ್ಲೇ ಇರಲಿ. ಅಳಲಿ ಬಿಡಿ.

ಪ್ರತಿ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿ. ಕತ್ತಲಲ್ಲಿ ಕೂಗಿ ಕೂಗಿ ಗಂಟಲು ಒಣಗುತ್ತದೆ, ಸೀಟಿ ದೂರಕ್ಕೆ ಕೇಳುತ್ತದೆ. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳಿ. ಬೇರೆ ಟಾರ್ಚ್ ತನ್ನಿ. ಫೋನಿನ ಟಾರ್ಚ್ ಹಚ್ಚಿ ಹಚ್ಚಿ ಬ್ಯಾಟರಿ ಮುಗಿಸಿದರೆ 112ಕ್ಕೆ ಕರೆ ಮಾಡುವುದು ಹೇಗೆ? ಕುಡಿದವರು ಹತ್ತಲೇಬಾರದು. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ಗಾಳಿಯನ್ನೂ ನೋಡಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಧಗೆ ಇದ್ದು ಸಂಜೆ ಇದ್ದಕ್ಕಿದ್ದ ಹಾಗೆ ಬಿರುಗಾಳಿ ಏಳುವುದು ಇಲ್ಲಿ ಮಾಮೂಲು. 2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ ಕುಗಾಂವದಿಂದ ಕಳಾಶಿಗೆ ಹೊರಟ ದೋಣಿ ಇಂಥ ಗಾಳಿಗೇ ಮಗುಚಿತು. ಆರು ಜನ ಸತ್ತರು. ಆಗಿನ್ನೂ ಪೂರ್ತಿ ಕತ್ತಲೂ ಆಗಿರಲಿಲ್ಲ.

ಕತ್ತಲಾಗಿಯೇ ಹೋಯಿತು ಅನ್ನಿ

ಎಲ್ಲರೂ ಕೆಳಗೆ, ದೋಣಿಯ ನಡುವೆ ಕೂರಿ. ಸೆಲ್ಫಿಗೆ ಎದ್ದು ನಿಲ್ಲಬೇಡಿ. ವೇಗ ಇಳಿಸಲು ಹೇಳಿ. ಅಣೆಕಟ್ಟಿನ ನೀರು ಅಂದರೆ ಮುಳುಗಿದ ಊರು, ಮರ, ಬಂಡೆ ಎಲ್ಲ ಕೆಳಗಿರುತ್ತವೆ. ಪವನಾದ ವಾಘೇಶ್ವರ ಗುಡಿ ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಬೇಸಿಗೆಯಲ್ಲಿ ಹೊರಗೆ ಕಾಣುತ್ತದೆ. ಹೋದ ತಿಂಗಳು ಆಳ ಇದ್ದಲ್ಲಿ ಈ ತಿಂಗಳು ಕಲ್ಲು ತಗಲಬಹುದು. ಸಂಜೆ ಹಾಕಿದ ಮೀನಿನ ಬಲೆಯೂ ನೀರಿನೊಳಗೆ ತಿರುಗುವ ಎಂಜಿನ್ ಫ್ಯಾನಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಬೆಳಕು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20–30 ನಿಮಿಷ ಬೇಕು. ಯಾರಾದರೂ ಒಮ್ಮೆ ಮುಖಕ್ಕೆ ಟಾರ್ಚ್ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ನಮ್ಮ ದೋಣಿಯಲ್ಲಿ ಐದು ಫೋನು ಬೆಳಗುತ್ತಿದ್ದವು, ದೋಣಿಯವನಿಗೆ ಮುಂದೆ ಏನೂ ಕಾಣುತ್ತಿರಲಿಲ್ಲ. ಎಲ್ಲ ಆರಿಸಿ. ಟಾರ್ಚ್ ಒಬ್ಬರ ಕೈಯಲ್ಲಿರಲಿ. ಎದುರಿಗೆ ದೋಣಿ ಬಂದರೆ ಅವರ ಕಣ್ಣಿಗೆ ಬಿಡದೆ ನಿಮ್ಮ ದೋಣಿಯ ಮೇಲೆ, ಜಾಕೆಟ್ಟಿನ ಮೇಲೆ ಬಿಡಿ. ಆಗ ನೀವು ಅವರಿಗೆ ಕಾಣುತ್ತೀರಿ.

ಎಂಜಿನ್ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಇರಬೇಕೆಂಬುದು ಪದ್ಧತಿ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿ ನೇರ ನಿಮ್ಮ ಕಡೆಗೇ ಬರುತ್ತಿದೆ. ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕು. ಆದರೆ ದೀಪ ಇಲ್ಲ ಅಂದಮಾತ್ರಕ್ಕೆ ದೋಣಿ ಇಲ್ಲ ಅಂತಲ್ಲ. ಸಣ್ಣ ದೋಣಿಯ ಮೀನುಗಾರರು ಸದ್ದಿಲ್ಲದೆ ಬರುತ್ತಾರೆ. ಆಗಾಗ ಎಂಜಿನ್ ನಿಲ್ಲಿಸಿ ಕಿವಿಗೊಟ್ಟು ಕೇಳಿ.

ದಾರಿ ತಪ್ಪುವುದೂ ಸುಲಭ. ರಾತ್ರಿ ದಡದ ಟೆಂಟುಗಳ ದೀಪ ಎಲ್ಲ ಒಂದೇ ಥರ. ಹೊರಡುವಾಗಲೇ ನಿಮ್ಮ ಕ್ಯಾಂಪಿನ ಹಿಂದೆ ಯಾವ ಗುಡ್ಡ ಇದೆ ನೋಡಿಟ್ಟುಕೊಳ್ಳಿ. ನಮ್ಮನ್ನು ಅವತ್ತು ದಡಕ್ಕೆ ತಂದದ್ದು ತಿಕೋನಾ ಕೋಟೆಯ ಮೂರು ಮೂಲೆಯ ನೆರಳು.

ದೋಣಿ ಮಗುಚಿದರೆ

ದೋಣಿ ಬಿಡಬೇಡಿ. ಮಗುಚಿದ ದೋಣಿಯೂ ಸಾಮಾನ್ಯವಾಗಿ ತೇಲುತ್ತದೆ, ಹುಡುಕಲು ಬಂದವರಿಗೆ ತಲೆಗಿಂತ ಅದು ಬೇಗ ಕಾಣುತ್ತದೆ. ದಡದ ದೀಪ ಇಲ್ಲೇ ಇದೆ ಅನಿಸುತ್ತದೆ, ಈಜಿ ನೋಡಿದರೆ ಮುಗಿಯುವುದೇ ಇಲ್ಲ. ತಲೆ ಎಣಿಸಿ, ಹೆಸರು ಕರೆದು. ಡಿಸೆಂಬರಿನ ನೀರು ತಣ್ಣಗಿರುತ್ತದೆ. ಮೊಣಕಾಲು ಎದೆಗೆ ಮಡಚಿ, ಮಕ್ಕಳನ್ನು ನಡುವೆ ಹಾಕಿಕೊಂಡು ಒತ್ತಾಗಿರಿ. ಬಿಟ್ಟು ಬಿಟ್ಟು ಸೀಟಿ ಊದಿ.

ದಡದಲ್ಲಿರುವವರು ನೀರಿಗೆ ಹಾರಬೇಡಿ. ಮುಳುಗುವವನು ಗಾಬರಿಯಲ್ಲಿ ನಿಮ್ಮನ್ನೂ ತಬ್ಬಿಕೊಂಡು ಎಳೆಯುತ್ತಾನೆ. ಹಗ್ಗ ಎಸೆಯಿರಿ, ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಕ್ಯಾನ್ ಎಸೆಯಿರಿ. ಈಗ ಪವನಾಕ್ಕೆ ಹೊರಟರೆ ನಮ್ಮ ರೊಟ್ಟಿ ಡಬ್ಬಿಯ ಜೊತೆ 5 ಲೀಟರಿನ ಎಣ್ಣೆ ಕ್ಯಾನೂ ಬರುತ್ತದೆ, ಹಿಡಿಗೆ ಉದ್ದನೆಯ ನೈಲಾನ್ ಹಗ್ಗ ಕಟ್ಟಿಸಿಕೊಂಡು. ಗುಂಪಿನವರು ನಗುತ್ತಾರೆ. ಆದರೆ ಕಾರಿಗೆ ಅದನ್ನು ಹಾಕಿದೆಯಾ ಅಂತ ಮೊದಲು ಕೇಳುವವರೂ ಅವರೇ.