ಬಾಡಿದ ಎಲೆಯ ಎಬಿಎ ಅಳೆಯುವುದು ಹೇಗೆ?

‘ನೀರು ಕೊಟ್ಟ ಗಿಡದಲ್ಲೂ ಒಣಗಿಸಿದ ಗಿಡದಲ್ಲೂ ಎಬಿಎ ಒಂದೇ ಸಮ ಬಂದಿದೆ ಸರ್, ಮಷೀನ್ ಕೆಟ್ಟಿರಬೇಕು’ ಎಂದು ಪ್ರಾಜೆಕ್ಟ್ ವಿದ್ಯಾರ್ಥಿಗಳು ಬರುವುದು ಮಾಮೂಲು. ಮಷೀನ್ ಕೆಟ್ಟಿರುವುದು ಅಪರೂಪ. ಎಡವಟ್ಟು ಆಗಿರುವುದು ಕುಂಡದ ಹತ್ತಿರ, ಕತ್ತರಿ ಹಿಡಿದ ಹೊತ್ತಿನಲ್ಲಿ.

ಎಬಿಎ ಅಂದರೆ ಅಬ್ಸಿಸಿಕ್ ಆಮ್ಲ. ನೀರು ಸಾಲದಾದಾಗ ಪತ್ರರಂಧ್ರ ಮುಚ್ಚಿಸುವ ಹಾರ್ಮೋನ್. ರಾಗಿ ಎಲೆಯಲ್ಲಿ ಅದನ್ನು ಅಳೆಯುವ ಕ್ರಮ ಹೀಗಿದೆ.

ಹಂತ 1: ಎಲೆ ಕತ್ತರಿಸುವುದು

ಕತ್ತರಿಸಿದ ಎಲೆ ಸತ್ತ ಎಲೆಯಲ್ಲ. ಅದು ಬಾಡತೊಡಗುತ್ತದೆ, ಬಾಡುತ್ತಲೇ ಎಬಿಎ ತಯಾರಿಸುತ್ತದೆ. ಕಿತ್ತ ಗೋಧಿ ಎಲೆಯನ್ನು ಬಾಡಿಸಿದರೆ ಎಬಿಎ ಏರುತ್ತದೆಂದು ರೈಟ್ ಮತ್ತು ಹಿರಾನ್ 1969ರಲ್ಲೇ ತೋರಿಸಿದ್ದರು. ಹಾಗಿದ್ದೂ ಎಲೆಗಳನ್ನು ಪಾಲಿಥೀನ್ ಕವರಿಗೆ ತುಂಬಿ, ಬಿಸಿಲಲ್ಲಿ ನಡೆದು, ದಾರಿಯಲ್ಲಿ ಟೀ ಕುಡಿದು ಲ್ಯಾಬಿಗೆ ಬರುವವರಿದ್ದಾರೆ. ಅಷ್ಟರಲ್ಲಿ ನೀರುಂಡ ಗಿಡದ ಎಲೆಯೂ ‘ಬರಗಾಲ’ ಕಂಡಿರುತ್ತದೆ. ಐಸ್ ಡಬ್ಬಿಯೂ ಸಾಲದು. ಐಸ್ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಲಿಕ್ವಿಡ್ ನೈಟ್ರೋಜನ್ ಕುಂಡದ ಪಕ್ಕಕ್ಕೇ ಬರಬೇಕು. ಪಶು ಆಸ್ಪತ್ರೆಯಲ್ಲಿ ವೀರ್ಯದ ಕಡ್ಡಿ ಇಡುವ ಕ್ಯಾನಿನಲ್ಲಿರುವುದೂ ಇದೇ, ಮೈನಸ್ 196 ಡಿಗ್ರಿ. ಹೆಸರು ಬರೆದ ಫಾಯಿಲ್ ತುಂಡುಗಳನ್ನು ಮೊದಲೇ ಜೋಡಿಸಿಡಿ. ಕತ್ತರಿಸಿ, ಸುತ್ತಿ, ಮುಳುಗಿಸಿ. ಎಲ್ಲ ಸೆಕೆಂಡುಗಳಲ್ಲಿ ಮುಗಿಯಬೇಕು. ಬಿಗಿ ಮುಚ್ಚಳದ ಟ್ಯೂಬ್ ಬೇಡ, ಹೊರಗೆ ತೆಗೆದಾಗ ಸಿಡಿಯುತ್ತದೆ. ಒಳಗೆ ಕೆಲಸ ಮಾಡುವುದಾದರೆ ಕಿಟಕಿ ತೆರೆದಿರಲಿ.

ಎಲ್ಲ ಗಿಡದಲ್ಲೂ ಒಂದೇ ಸ್ಥಾನದ ಎಲೆ ತೆಗೆಯಿರಿ. ನೀರು ಕೊಟ್ಟವನ್ನೆಲ್ಲ ಬೆಳಿಗ್ಗೆ ಮುಗಿಸಿ ಒಣಗಿದವನ್ನು ಮಧ್ಯಾಹ್ನಕ್ಕೆ ಬಿಡಬೇಡಿ, ಆಮೇಲೆ ನೀವು ಅಳೆಯುವುದು ಬಿಸಿಲನ್ನು. ಅದೊಂದು ಇದೊಂದು ಎಂದು ಬದಲಿಸುತ್ತ ಹೋಗಿ.

ಹಂತ 2: ಅರೆದು ತೂಗುವುದು

ನೈಟ್ರೋಜನ್ ಸುರಿಯುತ್ತ ಕುಟ್ಟಾಣಿಯಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣಗೆ ಅರೆಯಿರಿ. ಪುಡಿ ಕರಗಿ ಹಸಿರು ಕೆಸರಾದರೆ ಎಸೆದು ಹೊಸದು ತೆಗೆದುಕೊಳ್ಳಿ. ತೂಕದ ವಿಷಯದಲ್ಲಿ ನನ್ನದು ಹಟ: ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿದಂತೆಯೇ ನಿರ್ವಾತದಲ್ಲಿ ಒಣಗಿಸಿ) ಒಣ ತೂಕವನ್ನೇ ಹಿಡಿಯಿರಿ. ಒಣಗಿದ ಗಿಡದ ಎಲೆಯಲ್ಲಿ ನೀರೇ ಕಮ್ಮಿ. ಹಸಿ ತೂಕಕ್ಕೆ ಲೆಕ್ಕ ಹಾಕಿದರೆ ಹಾರ್ಮೋನ್ ಏರದಿದ್ದರೂ ಅಂಕಿ ಏರುತ್ತದೆ. ಮೇಲಾಗಿ ತಣ್ಣನೆಯ ಪುಡಿ ಗಾಳಿಯ ತೇವ ಹೀರಿ ತಕ್ಕಡಿಗೂ ಸುಳ್ಳು ಹೇಳುತ್ತದೆ.

ಹಂತ 3: ಸಾರ ತೆಗೆಯುವುದು

50 ಮಿಲಿಗ್ರಾಂ ಪುಡಿಗೆ ಶೇ 80ರ ತಣ್ಣನೆಯ ಮೆಥನಾಲ್ 1 ಮಿ.ಲೀ., ಆಕ್ಸಿಡೀಕರಣ ತಡೆಯಲು ಚೂರು ಬಿಎಚ್‌ಟಿ. 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡುತ್ತಿರಲಿ, ಕತ್ತಲಲ್ಲಿ. ನೇರಳಾತೀತ ಬೆಳಕಿಗೆ ಎಬಿಎ ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ.

ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಎಬಿಎಯನ್ನು ಅಳತೆ ಮಾಡಿ ಹಾಕುವುದು ಇಲ್ಲೇ, ಮೆಥನಾಲ್ ಜೊತೆಗೇ. ಇದು ದುಬಾರಿ; ಅದಕ್ಕೇ ಕೆಲವರು ಕಡೆಗೆ, ಮಷೀನಿಗೆ ಕೊಡುವ ಮುಂಚೆ ಒಂದು ಹನಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕಿಂತ ಹಾಕದಿರುವುದೇ ವಾಸಿ. ಮುಂದಿನ ಹಂತಗಳಲ್ಲಿ ಎಬಿಎ ಎಷ್ಟು ಸೋರಿದರೂ ಅದರ ಜೊತೆ ಅಷ್ಟೇ ಪಾಲು ಸೋರಲಿ ಎಂದೇ ಇದನ್ನು ಹಾಕುವುದು.

ಹಂತ 4: ಶುದ್ಧಿ

ಸೆಂಟ್ರಿಫ್ಯೂಜ್ ಮಾಡಿ, ತಿಳಿ ತೆಗೆದು, ಮೆಥನಾಲನ್ನು 40 ಡಿಗ್ರಿ ಮೀರದಂತೆ ಆವಿ ಮಾಡಿ. ಉಳಿದ ನೀರಿನ ಪಿಎಚ್ ಅನ್ನು 2.5ರಿಂದ 3ಕ್ಕೆ ಇಳಿಸಿ, ನೀರಿನ ಜೊತೆ ಬೆರೆಯದೆ ಮೇಲೆ ನಿಲ್ಲುವ ದ್ರಾವಕವಾದ ಈಥೈಲ್ ಅಸಿಟೇಟ್ ಸೇರಿಸಿ ಕುಲುಕಿ. ಎಬಿಎ ದುರ್ಬಲ ಆಮ್ಲ. ಪಿಎಚ್ ಸುಮಾರು 4.7ಕ್ಕಿಂತ ಸಾಕಷ್ಟು ಕೆಳಗಿದ್ದರಷ್ಟೇ ಅದು ನೀರು ಬಿಟ್ಟು ಈಥೈಲ್ ಅಸಿಟೇಟ್‌ಗೆ ದಾಟುತ್ತದೆ. ‘ಎರಡು ಹನಿ ಆಸಿಡ್ ಹಾಕಿದೆ’ ಎಂಬ ಲೆಕ್ಕ ನಡೆಯದು, ಪಿಎಚ್ ನೋಡಲೇಬೇಕು. ಮೇಲಿನ ಪದರ ನಮಗೆ ಬೇಕಾದದ್ದು. ಅಗ್ಗದ ಪಾಲಿಸ್ಟೈರೀನ್ ಟ್ಯೂಬ್ ಬಳಸಿದರೆ ಈಥೈಲ್ ಅಸಿಟೇಟ್ ಟ್ಯೂಬನ್ನೇ ಕರಗಿಸುತ್ತದೆ, ಗಾಜು ಉತ್ತಮ.

ಆ ಪದರವನ್ನು ಒಣಗಿಸಿ, ಉಳಿದದ್ದನ್ನು ಸ್ವಲ್ಪ ಮೆಥನಾಲ್‌ನಲ್ಲಿ ಕರಗಿಸಿ, ಸೋಸಿ.

ಹಂತ 5: ಅಳತೆ

ಮಷೀನ್ ಅಂದರೆ ಎಲ್‌ಸಿ-ಎಂಎಸ್: ಸಾರದ ಅಣುಗಳನ್ನು ಬೇರ್ಪಡಿಸಿ, ಅವುಗಳ ಮತ್ತು ಒಡೆದ ತುಣುಕುಗಳ ರಾಶಿಯಿಂದ ಗುರುತಿಸುವ ಯಂತ್ರ. ಅದರಲ್ಲಿ ನೆಗೆಟಿವ್ ಮೋಡ್, ಅಂದರೆ ಋಣ ವಿದ್ಯುದಂಶದ ಅಯಾನುಗಳನ್ನು ನೋಡುವುದು. ಎಬಿಎಗೆ 263ರಿಂದ (ಇಡೀ ಅಯಾನು) 153 (ಒಡೆದ ತುಣುಕು), ಆರು ಡ್ಯೂಟೀರಿಯಂ ಇರುವುದಕ್ಕೆ 269ರಿಂದ 159. ನೀವು ಹಾಕಿದ ಡ್ಯೂಟೀರಿಯಂ ಎಬಿಎ 10 ನ್ಯಾನೊಗ್ರಾಂ, ಎಲೆಯ ಎಬಿಎ ಪೀಕ್ (ಗ್ರಾಫಿನ ಏರು) ಅದರ ಪೀಕಿನ ಎರಡರಷ್ಟು ಅನ್ನಿ. ಆಗ 50 ಮಿಲಿಗ್ರಾಂನಲ್ಲಿ ಇದ್ದದ್ದು 20 ನ್ಯಾನೊಗ್ರಾಂ, ಗ್ರಾಂ ಒಣ ತೂಕಕ್ಕೆ 400. ಎಲೆಯ ಪುಡಿ ಹಾಕದ ಖಾಲಿ ಸ್ಯಾಂಪಲ್ ಒಂದನ್ನೂ ಓಡಿಸಿ.

ಇಲೈಸಾ ಕಿಟ್ (ಪ್ರತಿಕಾಯ ಬಳಸಿ ಅಳೆಯುವ ಕಿಟ್) ಸಾಲದೇ ಎಂದು ಕೇಳುವವರಿಗೆ: ಸರಿಯಾಗಿ ಶುದ್ಧಿ ಮಾಡದ ಸಾರದಲ್ಲಿರುವ ಫೀನಾಲ್‌ಗಳು ಫಲಿತಾಂಶ ಕೆಡಿಸುತ್ತವೆ. ಶುದ್ಧಿಯ ಕೆಲಸ ಉಳಿಯುತ್ತದೆಂದು ಕಿಟ್ ಕೊಂಡರೆ ದುಡ್ಡು ದಂಡ. ಉಳಿದ ಪುಡಿ ಮೈನಸ್ 80ರಲ್ಲಿರಲಿ. ಮನೆಯ ಫ್ರಾಸ್ಟ್-ಫ್ರೀ ಫ್ರಿಜ್ ಬೇಡ, ಅದು ಆಗಾಗ ತಾನೇ ಬೆಚ್ಚಗಾಗಿ ಮಂಜು ಕರಗಿಸಿಕೊಳ್ಳುತ್ತದೆ.