ರಾತ್ರಿ ಹಲ್ಲಿನ ಸೆಟ್ ತೊಳೆದು ಇಡುವುದು ಹೇಗೆ? ಅವ್ವನ ಜೊತೆ ಕಲಿತದ್ದು

ನಮ್ಮವ್ವ ಹಲ್ಲಿನ ಸೆಟ್ ಕೂಡಿಸಿಕೊಂಡು ಐದು ವರ್ಷ ಆಯ್ತು. ಮೊದಲ ಒಂದೂವರೆ ವರ್ಷ ಆಕೆ ರಾತ್ರಿಯೂ ಅದನ್ನು ಬಾಯಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ನಮಗ್ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕುಂತಾಗ ಶೇಂಗಾ ಹಿಂಡಿ ಬಾಯಿಗೆ ಹಾಕಿಕೊಂಡವಳೇ ಅಂಗುಳ ಉರಿತದ ಅಂದಳು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮೇಲಿನ ಸೆಟ್ ಕೂರುವ ಜಾಗವೆಲ್ಲ ಕೆಂಪು. ಅದರಾಚೆ ಮಾಮೂಲಿ ಬಣ್ಣ. ಸೆಟ್ಟಿನ ಪ್ಲೇಟಿನ ಅಂಚಿಗೆ ಸರಿಯಾಗಿ ಗೆರೆ ಎಳೆದ ಹಾಗಿತ್ತು.

ಡಾಕ್ಟರು ನೋಡಿ ಇದು ಕ್ಯಾಂಡಿಡಾ ಅನ್ನೋ ಫಂಗಸ್ಸಿನಿಂದ ಬರುವಂಥದ್ದು ಅಂದರು. ಔಷಧಿ ಬರೆದರು. ಆಮೇಲೆ, "ಅಮ್ಮ, ರಾತ್ರಿ ತೆಗೆದಿಡ್ತೀರಾ?" ಅಂತ ಕೇಳಿದರು. ಅವ್ವ ತಲೆ ತಗ್ಗಿಸಿದಳು. ಮನೆಗೆ ಬಂದ ಮೇಲೆ ನನ್ನ ಹತ್ತಿರ ಬಾಯಿಬಿಟ್ಟಳು. "ಬೊಚ್ಚ ಬಾಯಿ ಯಾರಿಗ್ ತೋರಿಸ್ಲಿ? ಮೊಮ್ಮಕ್ಕಳು ಬಾಜೂಕೇ ಮಲಗ್ತಾವ."

ಹೀಗಾಗಿ ತೊಳೆಯೋ ವಿಷಯಕ್ಕಿಂತ ಮುಂಚೆ ಇದನ್ನೇ ಹೇಳ್ತೀನಿ. ನಿಮ್ಮ ಮನೆಯಲ್ಲಿ ಸೆಟ್ ಹಾಕಿಕೊಳ್ಳುವ ಹಿರಿಯರಿದ್ದರೆ, ಅವರು ಯಾರ ಕಣ್ಣಿಗೂ ಬೀಳದೆ ಅದನ್ನು ತೆಗೆದು ಇಡೋಕೆ ಒಂದು ಜಾಗ ಮಾಡಿಕೊಡಿ. ನಾವು ಅವ್ವನ ಕೋಣೆಯಲ್ಲೇ ಒಂದು ಪುಟ್ಟ ಮೇಜು ಹಾಕಿ, ಕನ್ನಡಿ, ಒಳ್ಳೆ ಬೆಳಕಿನ ಬಲ್ಬು, ಒಂದು ತಂಬಿಗೆ ನೀರು, ಒಂದು ಪ್ಲಾಸ್ಟಿಕ್ ಟಬ್ ಇಟ್ಟೆವು. ಕದ ಹಾಕಿಕೊಂಡು ಐದು ನಿಮಿಷದಲ್ಲಿ ಮುಗಿಸ್ತಾಳೆ. ಮಕ್ಕಳಿಗೂ ಹೇಳಿದ್ದೀವಿ, ಆಯಿ ಕದ ಹಾಕಿದಾಗ ಬಡಿಯಬಾರದು ಅಂತ.

ರಾತ್ರಿ ಯಾಕೆ ತೆಗೆಯಲೇಬೇಕು? ಹಗಲೆಲ್ಲ ಪ್ಲೇಟಿನ ಅಡಿಯಲ್ಲಿ ಮುಚ್ಚಿಕೊಂಡಿದ್ದ ವಸಡಿಗೆ ಸ್ವಲ್ಪ ಬಿಡುವು ಬೇಕು. ನಿದ್ದೆಯಲ್ಲಿ ಜೊಲ್ಲು ಕಮ್ಮಿ ಬರುತ್ತೆ, ಬಾಯಿ ತಾನಾಗೇ ತೊಳೆದುಕೊಳ್ಳೋದೂ ಕಮ್ಮಿ, ಹಾಗಾಗಿ ಸೆಟ್ ಒಳಗೇ ಇದ್ದರೆ ಫಂಗಸ್ಸಿಗೆ, ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಮನೆ ಸಿಕ್ಕ ಹಾಗೆ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಬರುವ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು. ಇದನ್ನು ಅವ್ವನಿಗೆ ಹೇಳಿದ ಮೇಲೇ ಆಕೆ ಪೂರ್ತಿ ಒಪ್ಪಿದ್ದು. ಒಂದು ಮಾತು ಮಾತ್ರ ನೆನಪಿರಲಿ. ಹಲ್ಲು ಕಿತ್ತ ದಿನವೇ ಹೊಸ ಸೆಟ್ ಕೂಡಿಸಿದ್ದರೆ, ಮೊದಲ ರಾತ್ರಿ ತೆಗೆಯಬೇಡಿ ಅಂತ ಡಾಕ್ಟರೇ ಹೇಳಿರಬಹುದು. ಆಗ ಅವರ ಮಾತೇ ಕೇಳಿ.

ಪ್ರತಿ ಊಟ ಆದ ಮೇಲೂ ತೆಗೆದು ನೀರಲ್ಲಿ ಅಲ್ಲಾಡಿಸಿ ತೊಳೆಯೋದು ಒಳ್ಳೇದು. ನಮ್ಮ ಕಡೆ ಊಟಕ್ಕಂತೂ ಇದು ಬೇಕೇ ಬೇಕು. ಹಿಂಡಿಯ ಪುಡಿ ಪ್ಲೇಟಿನ ಅಡಿಗೆ ಹೋಗಿ ಕೂರುತ್ತೆ, ಪುಂಡಿ ಪಲ್ಯದ ನಾರು ಹಲ್ಲಿನ ಸಂದಿಯಲ್ಲಿ, ಸಜ್ಜೆ ರೊಟ್ಟಿಯ ಎಳ್ಳು ಒಂದೇ ಒಂದು ಕಾಳು ಅಡಿಗೆ ಸಿಕ್ಕರೂ ವಸಡು ಚುಚ್ಚಿ ಹುಣ್ಣು ಮಾಡುತ್ತೆ. ಹಗಲು ಬರೀ ನೀರಿನ ತೊಳೆತ ಸಾಕು. ರಾತ್ರಿ ಮಾತ್ರ ಬ್ರಶ್ ಹಿಡಿದು ಪೂರ್ತಿ ತಿಕ್ಕಬೇಕು.

ಕೈಗೆ ಸೆಟ್ ತಗೊಳ್ಳೋ ಮುಂಚೆ ಕೆಳಗೆ ಟಬ್ ಇಡಿ, ಅರ್ಧ ನೀರು ತುಂಬಿ. ಟಬ್ ಇಲ್ಲ ಅಂದ್ರೆ ದಪ್ಪ ಟವೆಲ್ ಮಡಚಿ ಹಾಸಿ. ನಮ್ಮ ಮನೆ ಬಚ್ಚಲಿಗೆ ಶಹಾಬಾದ್ ಕಲ್ಲಿನ ಪರಸಿ ಹಾಸಿದೆ, ಕಲಬುರಗಿಯ ಹಳೆ ಮನೆಗಳ ಹಾಗೆ. ಒಮ್ಮೆ ಅವ್ವನ ಕೈಯಿಂದ ಸೋಪು ಹತ್ತಿದ ಕೆಳಗಿನ ಸೆಟ್ ಜಾರಿ ಪರಸಿ ಮೇಲೆ ಬಿತ್ತು. ಲಾಳದ ಆಕಾರದ್ದು ಅದು, ನಡುವೆ ಸಣ್ಣಗಿರುತ್ತೆ. ಸರಿಯಾಗಿ ನಡುವೆಯೇ ಎರಡು ತುಂಡು. ಫೆವಿಕ್ವಿಕ್ ಹಾಕಿ ಅಂಟಿಸೋಣ ಅಂತ ಮನೆಯಲ್ಲಿ ಒಬ್ಬರು ಅಂದರು. ಆ ಕೆಲಸ ಮಾತ್ರ ಮಾಡಬೇಡಿ. ಕೂದಲೆಳೆಯಷ್ಟು ವಾರೆಯಾಗಿ ಅಂಟಿದರೂ ಸೆಟ್ ಬಾಯಿಗೆ ಕೂರೋದಿಲ್ಲ, ಆಮೇಲೆ ಡಾಕ್ಟರಿಗೂ ತುಂಡುಗಳನ್ನು ಸರಿಯಾಗಿ ಜೋಡಿಸೋಕೆ ಆಗೋದಿಲ್ಲ. ಎಲ್ಲ ತುಂಡನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಅವರ ಹತ್ತಿರವೇ ಹೋಗಿ. ನಾವು ಹಾಗೇ ಮಾಡಿದೆವು, ರಿಪೇರಿ ಆಯ್ತು.

ತೆಗೆಯುವಾಗ ಮುಂದಿನ ಹಲ್ಲು ಹಿಡಿದು ಎಳೆಯಬೇಡಿ. ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ. ಮೇಲಿನ ಸೆಟ್ ಅಂಗುಳಕ್ಕೆ ಅಂಟಿಕೊಂಡಿರುತ್ತೆ. ಬೆರಳನ್ನು ಕೆನ್ನೆಯ ಒಳಬದಿಯಿಂದ ಹಿಂದಕ್ಕೆ ಒಯ್ದು ಪ್ಲೇಟಿನ ಅಂಚನ್ನು ಮೆಲ್ಲಗೆ ಒತ್ತಿದರೆ ಗಾಳಿ ಒಳಗೆ ಹೋಗಿ ತಾನೇ ಸಡಿಲಾಗುತ್ತೆ. ಬಾಯಲ್ಲಿ ಉಳಿದ ಹಲ್ಲಿಗೆ ತಂತಿ ಸಿಕ್ಕಿಸಿದ ಸೆಟ್ ಆದರೆ ಎರಡೂ ಬದಿಯನ್ನು ಒಟ್ಟಿಗೆ ಸಡಿಲಿಸಿ. ಒಂದೇ ತಂತಿ ಹಿಡಿದು ಎಳೆದರೆ ಅದು ಬಾಗುತ್ತೆ, ಮರುದಿನದಿಂದ ಸೆಟ್ ಅಲ್ಲಾಡುತ್ತೆ.

ಈಗ ತಿಕ್ಕೋದು. ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗೋದು ಇಲ್ಲೇ. ಸೆಟ್ ಮಾಡಿರೋದು ಅಕ್ರಿಲಿಕ್‌ನಿಂದ, ಅಂದರೆ ಒಂದು ನಮೂನೆ ಪ್ಲಾಸ್ಟಿಕ್. ನಮ್ಮ ಹಲ್ಲಿನಷ್ಟು ಗಟ್ಟಿ ಅಲ್ಲ ಅದು. ಟೂತ್‌ಪೇಸ್ಟ್‌ನಲ್ಲಿ ಹಲ್ಲು ಉಜ್ಜೋಕೆ ಅಂತ ಸಣ್ಣ ಸಣ್ಣ ಕಣಗಳು ಇರುತ್ತವೆ, ಕೆಂಪು ಹಲ್ಲುಪುಡಿಯಲ್ಲಿ ಇನ್ನೂ ದಪ್ಪಗಿರುತ್ತವೆ, ಇನ್ನು ಬೂದಿ, ಇದ್ದಲಿ ಪುಡಿ, ಉಪ್ಪು ಅಂತೂ ಕೇಳೋದೇ ಬೇಡ. ಇವೆಲ್ಲ ಸೆಟ್ಟಿನ ಮೇಲೆ ಕಣ್ಣಿಗೆ ಕಾಣದ ಗೀರು ಬೀಳಿಸುತ್ತವೆ. ಆ ಗೀರಿನಲ್ಲೇ ಚಾ ಕಲೆ, ಎಲೆ ಅಡಿಕೆ ಕಲೆ, ಫಂಗಸ್ ಎಲ್ಲ ಹೋಗಿ ಕೂರೋದು. ಅವ್ವ ಮೊದಲು ಹಲ್ಲುಪುಡಿ ಹಾಕೇ ತಿಕ್ಕುತ್ತಿದ್ದಳು, ಬಿಳಿ ಆಗಲಿ ಅಂತ. ಎಷ್ಟು ತಿಕ್ಕಿದರೂ ವಾರದಲ್ಲಿ ಮತ್ತೆ ಕಂದು ಬಣ್ಣ ಬರುತ್ತಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ, ಇಲ್ಲ ಕೈ ತೊಳೆಯೋ ಸೋಪು, ಅಷ್ಟೇ ಸಾಕು. ಬ್ರಶ್ ಮೆತ್ತಗಿರಲಿ. ಸೆಟ್ಟಿಗೆ ಅಂತಲೇ ಮಾಡಿದ ಬ್ರಶ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತೆ, ಸಿಗದಿದ್ದರೆ ಮೆತ್ತನೆಯ ಟೂತ್‌ಬ್ರಶ್ ಒಂದನ್ನು ಅದಕ್ಕೇ ಬೇರೆ ಇಡಿ. ಹೊರಗಿನ ಹಲ್ಲನ್ನು ಎಲ್ಲರೂ ತಿಕ್ಕುತ್ತಾರೆ, ಕಾಣುತ್ತಲ್ವಾ. ಆದರೆ ವಸಡಿಗೆ ತಾಗೋ ಒಳಮೈ ಮುಖ್ಯ. ತೊಳೆದ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಆ ಒಳಮೈ ಸವರಿ ನೋಡಿ. ಲೋಳೆ ಲೋಳೆ ಅನ್ನಿಸಿದರೆ ಇನ್ನೂ ಆಗಿಲ್ಲ, ಮತ್ತೆ ತಿಕ್ಕಿ. ಬೆರಳು ಜಾರದೆ ಹಿಡಿದ ಹಾಗೆ ಆದರೆ ಆಯ್ತು. ಅವ್ವನಿಗೆ ಕಣ್ಣು ಮಂಜು, ಕನ್ನಡಕ ಹಾಕಿದರೂ ಕೊಳೆ ಕಾಣೋದಿಲ್ಲ. ಬೆರಳಿನ ಈ ಪರೀಕ್ಷೆ ಆಕೆಗೆ ಒಗ್ಗಿಹೋಗಿದೆ. ಸೆಟ್ ಅಂಟಿಸೋ ಕ್ರೀಮ್ ಹಚ್ಚುವವರು ಅದರ ಅಂಟು ಸೆಟ್ಟಿನಿಂದಲೂ ವಸಡಿನಿಂದಲೂ ಪೂರ್ತಿ ಹೋಗುವ ತನಕ ತಿಕ್ಕಬೇಕು. ತಂತಿಯ ಸೆಟ್ ಆದರೆ ತಂತಿಯ ಒಳಬದಿಯನ್ನು ಮರೆಯಬೇಡಿ, ಅಲ್ಲಿ ಉಳಿದ ಕೊಳೆ ನಿಮ್ಮ ಉಳಿದ ಒಳ್ಳೆ ಹಲ್ಲನ್ನೇ ಹಾಳು ಮಾಡುತ್ತೆ.

ಆಮೇಲೆ ನೆನೆಹಾಕೋದು. ಕ್ಲಿನ್ಸೋಡೆಂಟ್, ಫಿಟ್ಟಿಡೆಂಟ್ ಅಂತ ಮಾತ್ರೆಗಳು ಬರುತ್ತವೆ, ನೀರಿಗೆ ಹಾಕಿದರೆ ನೊರೆ ಬರುತ್ತೆ. ಒಂದೊಂದು ಮಾತ್ರೆಗೆ ಒಂದೊಂದು ಹೊತ್ತು, ಕೆಲವು ಐದು ನಿಮಿಷದ್ದು, ಕೆಲವು ರಾತ್ರಿಯೆಲ್ಲ ಇಡುವಂಥವು, ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನೇ ಪಾಲಿಸಿ. ಮಾತ್ರೆ ಹಾಕ್ತೀನಲ್ಲ, ತಿಕ್ಕೋದು ಯಾಕೆ ಅಂತ ಅಂದುಕೊಳ್ಳಬೇಡಿ. ತಿಕ್ಕಿದ ಮೇಲೇ ಮಾತ್ರೆ. ಬೆಳಿಗ್ಗೆ ಬಾಯಿಗೆ ಹಾಕೋ ಮುಂಚೆ ಚೆನ್ನಾಗಿ ನೀರಲ್ಲಿ ತೊಳೆಯಲೇಬೇಕು. ಆ ಮಾತ್ರೆ ಬಾಯಿಗೆ ಹಾಕುವಂಥದ್ದಲ್ಲ, ಗುಳಿಗೆ ನುಂಗುವ ಅಭ್ಯಾಸ ಇರೋ ಹಿರಿಯರಿರುವ ಮನೆಯಲ್ಲಿ ಬಿಪಿ, ಶುಗರ್ ಮಾತ್ರೆಗಳ ಪಕ್ಕ ಇಡಲೇಬೇಡಿ. ನಾವು ಬೇರೆ ಕಪಾಟಿನಲ್ಲಿ ಇಡ್ತೀವಿ. ಬಟ್ಟೆಯ ಬ್ಲೀಚ್, ಫಿನಾಯಿಲ್, ಡೆಟಾಲ್ ಯಾವುದೂ ಬೇಡ. ಬ್ಲೀಚ್‌ನಿಂದ ಗುಲಾಬಿ ಬಣ್ಣ ಬಿಳಿಚುತ್ತೆ, ತಂತಿ ತುಕ್ಕು ಹಿಡಿಯುತ್ತೆ. ಮಾತ್ರೆ ಕೊಳ್ಳೋಕೆ ಆಗದಿದ್ದರೂ ಚಿಂತೆ ಇಲ್ಲ, ತಿಕ್ಕಿ ತೊಳೆದು ಬರೀ ನೀರಲ್ಲಿ ಇಡಿ.

ನೀರು ಅಂದಾಗ ಇನ್ನೊಂದು ವಿಷಯ. ನಮ್ಮ ಬೋರಿನ ನೀರು ಗಡಸು. ಬಕೆಟ್ಟಿಗೆ, ನಲ್ಲಿಗೆ ಬಿಳಿ ಪದರ ಕಟ್ಟುತ್ತೆ, ಸೆಟ್ಟಿಗೂ ಹಾಗೇ. ಜೊಲ್ಲಿನ ಲವಣವೂ ಸೇರಿ ಕೆಳಗಿನ ಮುಂದಿನ ಹಲ್ಲಿನ ಹಿಂದೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅಂದಿನಿಂದ ರಾತ್ರಿ ಇಡೋಕೆ ಕುಡಿಯುವ ಫಿಲ್ಟರ್ ನೀರನ್ನೇ ಬಳಸ್ತೀವಿ. ಪದರ ಕಟ್ಟಿದ್ದರೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಬೆರೆಸಿ ಅರ್ಧ ಗಂಟೆ ನೆನೆಹಾಕಿ ಬ್ರಶ್‌ನಿಂದ ತಿಕ್ಕಿ. ತಂತಿ, ಲೋಹ ಇರೋ ಸೆಟ್ಟಿಗೆ ವಿನೆಗರ್ ಬೇಡ. ಪಿನ್ನು, ಚಾಕು ಹಿಡಿದು ಕೆರೆಯಬೇಡಿ, ಹೋಗದಿದ್ದರೆ ಡಾಕ್ಟರ ಹತ್ತಿರ ತೆಗೆಸಿ.

ಇಡುವ ಡಬ್ಬಿಗೆ ಮುಚ್ಚಳ ಇರಲಿ. ಸೆಟ್ ಪೂರ್ತಿ ಮುಳುಗುವಷ್ಟು ನೀರು ಬೇಕು. ಒಣಗಿದರೆ ಅಕ್ರಿಲಿಕ್ ಒಳಗಿನ ನೀರು ಹೋಗಿ ಆಕಾರ ಸ್ವಲ್ಪ ಬದಲಾಗುತ್ತೆ, ಬೆಳಿಗ್ಗೆ ಬಿಗಿ ಅನ್ನಿಸುತ್ತೆ. ಕುಡಿಯೋ ಲೋಟದಲ್ಲಿ ಮಾತ್ರ ಇಡಬೇಡಿ, ಕತ್ತಲಲ್ಲಿ ಯಾರಾದರೂ ಎತ್ತಿ ಕುಡಿದುಬಿಡ್ತಾರೆ. ಕಾಗದದಲ್ಲಿ ಸುತ್ತಿಟ್ಟರೆ ಕಸದ ಜೊತೆ ಹೋಗುತ್ತೆ, ದಿಂಬಿನ ಕೆಳಗಿಟ್ಟರೆ ಮುರಿಯುತ್ತೆ, ಮನೆಯಲ್ಲಿ ನಾಯಿ ಇದ್ದರಂತೂ ಕೈಗೆ ಸಿಗೋ ಜಾಗದಲ್ಲಿ ಬಿಟ್ಟರೆ ಕಚ್ಚಿ ಹಾಕುತ್ತೆ. ನಾವು ಸೂಪರ್ ಮಾರ್ಕೆಟ್‌ನಲ್ಲಿ ಒಂದು ನೀಲಿ ಬಣ್ಣದ ಡಬ್ಬಿ ತಂದೆವು. ಒಳಗಿರೋದು ಹೊರಗೆ ಕಾಣದ ಬಣ್ಣ ಬೇಕು ಅಂತ ಅವ್ವನೇ ಆರಿಸಿದ್ದು.

ಬೇಸಿಗೆಯಲ್ಲಿ ಇನ್ನಷ್ಟು ಎಚ್ಚರ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿಯ ನೀರು ಸಂಜೆಗೂ ಸುಡುತ್ತಿರುತ್ತೆ. ಬಿಸಿನೀರಿಗೆ ಸೆಟ್ ಸೊಟ್ಟಗಾಗುತ್ತೆ, ಹೀಗಾಗಿ ನಲ್ಲಿಯ ಕೆಳಗೆ ನೇರ ಹಿಡಿಯಬೇಡಿ, ಮುಂಚೆಯೇ ತುಂಬಿಟ್ಟು ಆರಿದ ನೀರು ತಗೊಳ್ಳಿ. ಕುದಿಯೋ ನೀರಲ್ಲಿ ಹಾಕಿದರೆ ಕ್ರಿಮಿ ಸಾಯುತ್ತೆ ಅಂತ ಯಾರಾದರೂ ಹೇಳಿದರೂ ಹಾಕಬೇಡಿ. ಕೂಲರ್ ಮುಂದೆ ಡಬ್ಬಿ ತೆರೆದಿಟ್ಟರೆ ನೀರು ಬೇಗ ಆವಿಯಾಗಿ ಹೋಗುತ್ತೆ, ಅದಕ್ಕೇ ಮುಚ್ಚಳ ಅಂದದ್ದು.

ಸೆಟ್ ಡಬ್ಬಿಗೆ ಹೋದ ಮೇಲೆ ಬಾಯಿಯ ಸರದಿ. ಹಲ್ಲಿಲ್ಲ ಅಂತ ಬಾಯಿ ತೊಳೆಯೋದು ಬಿಡಬಾರದು. ಮೆತ್ತನೆ ಬ್ರಶ್ ಅಥವಾ ಒದ್ದೆ ಮಾಡಿದ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡು, ಅಂಗುಳ, ನಾಲಗೆ ಒರೆಸಿ. ವಸಡನ್ನು ಬೆರಳಲ್ಲಿ ಮೆಲ್ಲಗೆ ನೀವಿದರೆ ಹಿತ ಅನ್ನಿಸುತ್ತೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ. ಕೆಂಪು, ಬಿಳಿ ಮಚ್ಚೆ, ತುಟಿಯ ಮೂಲೆ ಒಡೆದದ್ದು, ಎರಡು ವಾರವಾದರೂ ಮಾಯದ ಹುಣ್ಣು, ಇದರಲ್ಲಿ ಯಾವುದು ಕಂಡರೂ ತಡಮಾಡದೆ ತೋರಿಸಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಹೋಗಬೇಕು. ವಸಡಿನ ಕೆಳಗಿನ ಎಲುಬು ಕರಗುತ್ತಾ ಹೋಗುತ್ತೆ, ಸೆಟ್ ಸಡಿಲಾಗುತ್ತೆ. ನಮ್ಮ ಊರಲ್ಲಿ ಡೆಂಟಲ್ ಕಾಲೇಜುಗಳೇ ಇವೆ, ಎಚ್‌ಕೆಇ ಸೊಸೈಟಿಯದ್ದು, ಅಲ್ ಬದರ್, ಇಎಸ್‌ಐಸಿ. ಅಲ್ಲಿ ಹೋದರೆ ಪ್ರಾಸ್ಥೊಡಾಂಟಿಕ್ಸ್ ವಿಭಾಗ ಎಲ್ಲಿ ಅಂತ ಕೇಳಿ, ಸೆಟ್ ನೋಡುವವರು ಅವರೇ.

ಮದುವೆಗೆ, ಗಾಣಗಾಪುರಕ್ಕೆ, ರೈಲಿನಲ್ಲಿ ಊರಿಗೆ ಹೋಗುವಾಗ ಡಬ್ಬಿ ಜೊತೆಗೇ ಹೋಗಬೇಕು. ಪರರ ಮನೆಯಲ್ಲಿ ನಾಚಿಕೆ ಇನ್ನೂ ಜಾಸ್ತಿ, ಎಲ್ಲರೂ ಒಂದೇ ಹಾಲ್‌ನಲ್ಲಿ ಮಲಗ್ತಾರೆ. ಅಂಥ ಕಡೆ ನಾನೇ ಅವ್ವನ ಪಕ್ಕ ಹಾಸಿಗೆ ಹಾಸಿಕೊಂಡು, ದೀಪ ಆರಿದ ಮೇಲೆ ಡಬ್ಬಿ ಕೈಗೆ ಕೊಡ್ತೀನಿ. ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಡಬ್ಬಿಯ ಮೇಲೆ ಹೆಸರು ಬರೆದ ಪಟ್ಟಿ ಅಂಟಿಸಿ, ಬಾಯಲ್ಲಿ ಸೆಟ್ ಇದೆ ಅಂತ ನರ್ಸಿಗೆ ಮೊದಲೇ ಹೇಳಿ, ಆಪರೇಶನ್ನಿಗೆ ಮುಂಚೆ ಅದನ್ನು ತೆಗೆಸಬೇಕಾಗುತ್ತೆ.

ಬೆಳಿಗ್ಗೆ ಸೆಟ್ ತೊಳೆದು ಒದ್ದೆ ಇರುವಾಗಲೇ ಹಾಕಿಕೊಳ್ಳಬೇಕು, ಒಣಗಿಸಿ ಅಲ್ಲ. ರಾತ್ರಿಯ ನೀರನ್ನು ಚೆಲ್ಲಿ. ಅದೇ ನೀರಿಗೆ ಮತ್ತೆ ಸೇರಿಸುವುದು ಬೇಡ. ಡಬ್ಬಿಯನ್ನೂ ಸೋಪು ಹಾಕಿ ತೊಳೆದು ಬೋರಲು ಹಾಕಿ ಒಣಗಿಸಿ, ಇಲ್ಲದಿದ್ದರೆ ಡಬ್ಬಿಯಲ್ಲೇ ಲೋಳೆ ಕಟ್ಟುತ್ತೆ. ಅವ್ವ ಅದನ್ನು ತೊಳೆದು ಅಡುಗೆಮನೆ ಕಿಟಕಿಯಲ್ಲಿ ಬಿಸಿಲಿಗೆ ಇಡ್ತಾಳೆ. ರಾತ್ರಿ ತೆಗೆದಿದ್ಯಾ ಅಂತ ನಾನು ಆಕೆಯನ್ನು ಕೇಳೋದೇ ಇಲ್ಲ. ಚಾ ಮಾಡುವಾಗ ಕಿಟಕಿಯತ್ತ ನೋಡ್ತೀನಿ, ನೀಲಿ ಡಬ್ಬಿ ಬೋರಲು ಇರುತ್ತೆ.