ಕರುಳಿನ ಗಡ್ಡೆಯಲ್ಲಿ ಯಾವ ಕೋಶ ಎಲ್ಲಿದೆ: ನಕ್ಷೆ ಬಿಡಿಸುವ ಕ್ರಮ

ಪರ್ಯಾಯದ ರಾತ್ರಿ ಉಡುಪಿಗೆ ಎಷ್ಟು ಮಂದಿ ಪೊಲೀಸರು ಬಂದಿದ್ದರು ಎಂಬ ಲೆಕ್ಕವೊಂದರಿಂದಲೇ ರಥಬೀದಿಯ ಬಂದೋಬಸ್ತು ಹೇಗಿತ್ತೆಂದು ಹೇಳಲಾಗದು. ಬಂದವರೆಲ್ಲ ಕಲ್ಸಂಕ ವೃತ್ತದಲ್ಲೇ ನಿಂತಿದ್ದರೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿಯೂ ರೋಗನಿರೋಧಕ ಕೋಶಗಳು ಎಷ್ಟಿವೆ ಎಂಬುದರ ಜೊತೆಗೆ ಎಲ್ಲಿವೆ ಎಂಬುದೂ ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜಿಸಲು ಮುಖ್ಯವೆಂದು ಜೆರೋಮ್ ಗಾಲೋನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಗಡ್ಡೆಯ ನಡುಭಾಗ ಹಾಗೂ ಆಕ್ರಮಣದ ಅಂಚು (ಗಡ್ಡೆಯು ಸಹಜ ಅಂಗಾಂಶದೊಳಕ್ಕೆ ನುಗ್ಗುವ ಗಡಿ), ಈ ಎರಡು ಕಡೆ ಸಿಡಿ3 (ಟಿ ಕೋಶಗಳೆಲ್ಲದರ ಗುರುತು) ಮತ್ತು ಸಿಡಿ8 (ಅವುಗಳಲ್ಲಿ ಕೊಲ್ಲುವ ಬಗೆಯವುಗಳ ಗುರುತು) ಇರುವ ಕೋಶಗಳನ್ನು ಎಣಿಸುವ ಅವರ ‘ಇಮ್ಯುನೋಸ್ಕೋರ್’ ವಿಧಾನವನ್ನು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು 2,681 ರೋಗಿಗಳಲ್ಲಿ ಪರಿಶೀಲಿಸಿ ಎತ್ತಿಹಿಡಿಯಿತು. ಇಂಥ ನಕ್ಷೆಗೆ ಕೋಟಿ ಬೆಲೆಯ ಯಂತ್ರವೇ ಬೇಕೆಂದೇನೂ ಇಲ್ಲ. ಮಂಗಳೂರು ಅಥವಾ ಮಣಿಪಾಲದ ಪೆಥಾಲಜಿ ವಿಭಾಗದಲ್ಲಿ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಯು ಮೂರು ಪ್ರತಿಕಾಯ (ಆಯ್ದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಣ್ಣದಲ್ಲಿ ತೋರಿಸಲು ನೆರವಾಗುವ ಅಣು), ಒಂದು ಸ್ಲೈಡ್ ಸ್ಕ್ಯಾನರ್ ಮತ್ತು ಉಚಿತ ತಂತ್ರಾಂಶದಿಂದ ಇದನ್ನು ಮಾಡಬಹುದು.

ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ದೊರೆತ ಮೇಲೆ ಬ್ಲಾಕ್‌ಗಳನ್ನು, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡುಗಳನ್ನು, ಆರಿಸಬೇಕು. ಕೊಲೊನೋಸ್ಕೋಪಿಯಲ್ಲಿ ಚಿವುಟಿ ತೆಗೆದ ತುಣುಕು ಸಾಮಾನ್ಯವಾಗಿ ಗಡ್ಡೆಯ ಮೇಲ್ಭಾಗದ್ದಾಗಿರುವುದರಿಂದ ಅದರಲ್ಲಿ ಆಳದ ಅಂಚು ಸಿಗುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಬ್ಲಾಕ್‌ಗಳ ಪೈಕಿ ಗಡ್ಡೆಯೂ ಅದರ ಮುಂದಿನ ಸಹಜ ಅಂಗಾಂಶವೂ ಒಂದೇ ಸ್ಲೈಡಿನಲ್ಲಿ ಕಾಣುವಂಥದನ್ನು ತೆಗೆದುಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ವಿಕಿರಣ ಪಡೆದ ಗುದನಾಳದ ಗಡ್ಡೆಗಳನ್ನು ಬೇರೆ ಗುಂಪಾಗಿಡಿ, ಏಕೆಂದರೆ ಅಲ್ಲಿನ ಕೋಶಗಳ ಜೋಡಣೆಯನ್ನು ಚಿಕಿತ್ಸೆಯೇ ಬದಲಾಯಿಸಿರುತ್ತದೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಪಿಎಂಎಸ್2 ಎಂಬ ದೋಷ ತಿದ್ದುವ ಪ್ರೋಟೀನುಗಳ ವರದಿಯನ್ನೂ ಬರೆದಿಟ್ಟುಕೊಳ್ಳಬೇಕು. ಡಿಎನ್‌ಎ ದೋಷ ತಿದ್ದುವ ವ್ಯವಸ್ಥೆ ಕೆಟ್ಟಿರುವ, ಸುಮಾರು ಶೇ. 15ರಷ್ಟಿರುವ ಗಡ್ಡೆಗಳಲ್ಲಿ ಲಿಂಫೋಸೈಟುಗಳು (ಟಿ ಕೋಶಗಳಂಥ ರೋಗನಿರೋಧಕ ಬಿಳಿ ರಕ್ತಕಣಗಳು) ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಅವನ್ನು ಉಳಿದವುಗಳೊಡನೆ ಬೆರೆಸಿದರೆ ಸರಾಸರಿಗೆ ಅರ್ಥವಿರುವುದಿಲ್ಲ.

ಮೈಕ್ರೋಟೋಮಿನಲ್ಲಿ 4 ಮೈಕ್ರಾನ್ ದಪ್ಪದ ಪದರಗಳನ್ನು ಕತ್ತರಿಸಿ. ಕತ್ತರಿಸಿಟ್ಟ ಪದರದಲ್ಲಿ ಪ್ರತಿಕಾಯ ಹಿಡಿಯುವ ಗುಣ ದಿನ ಕಳೆದಂತೆ ಕುಂದುತ್ತದೆ, ತೇವವಿದ್ದರೆ ಇನ್ನೂ ಬೇಗ. ಕರಾವಳಿಯ ಆಟಿ ತಿಂಗಳ ಗಾಳಿಯಲ್ಲಿ ಸ್ಲೈಡುಗಳನ್ನು ಮೇಜಿನ ಮೇಲೆ ಬಿಟ್ಟು, ಸಿಡಿ8 ಬಣ್ಣ ಮಂಕಾಗಿ ಬಂದಾಗ ಪ್ರತಿಕಾಯವನ್ನೇ ದೂರಿದ ಅನುಭವ ನನಗಿದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಇಡಬೇಕು. ಹೊರತೆಗೆದ ಡಬ್ಬಿ ಕೋಣೆಯ ತಾಪಕ್ಕೆ ಬರುವ ತನಕ ಮುಚ್ಚಳ ತೆರೆಯಬಾರದು, ಇಲ್ಲವಾದರೆ ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ.

ಬಣ್ಣ ಹಾಕುವಾಗ ಸಿಡಿ3, ಸಿಡಿ8 ಮತ್ತು ಗಡ್ಡೆಯ ಕೋಶಗಳನ್ನು ತೋರಿಸುವ ಸೈಟೋಕೆರಾಟಿನ್ ಸಾಕು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಾಳೆ ನೋಡಲು ಟಾನ್ಸಿಲ್ ತುಣುಕೊಂದು ಪ್ರತಿ ಸರದಿಯಲ್ಲೂ ಜೊತೆಗಿರಲಿ. ಆದರೆ ಲಿಂಫೋಸೈಟಿನ ಅಗಲವೇ ಸುಮಾರು 7 ಮೈಕ್ರಾನ್ ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ, ಒಂದು ಪದರದಲ್ಲಿ ಕಂಡ ಕೋಶ ಮುಂದಿನ ಪದರದಲ್ಲಿ ಚೂರಾಗಿ ಕಾಣಬಹುದು, ಕಾಣದೆಯೂ ಇರಬಹುದು. ಸಾಂದ್ರತೆಯನ್ನು ಬೇರೆ ಬೇರೆ ಪದರಗಳಲ್ಲಿ ಎಣಿಸಬಹುದಾದರೂ, ಎರಡು ಬಗೆಯ ಕೋಶಗಳ ನಡುವಿನ ದೂರವನ್ನು ಒಂದೇ ಪದರದ ಮೇಲೆ ಎರಡು ಬಣ್ಣ ಹಾಕಿಯೇ ಅಳೆಯಬೇಕು. ಸಿಡಿ8ಕ್ಕೆ ಕಂದು, ಸೈಟೋಕೆರಾಟಿನ್‌ಗೆ ಕೆಂಪು ಸರಿಹೋಗುತ್ತದೆ.

ಸ್ಲೈಡನ್ನು 20 ಪಟ್ಟು ವರ್ಧನೆಯಲ್ಲಿ, ಅಂದರೆ ಪಿಕ್ಸೆಲ್‌ಗೆ ಸುಮಾರು 0.5 ಮೈಕ್ರಾನ್‌ನಂತೆ ಸ್ಕ್ಯಾನ್ ಮಾಡಿ, ಕ್ಯೂಪಾತ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬೇಕು. ಕೋಶಕೇಂದ್ರಗಳನ್ನು ಅದು ತಾನೇ ಗುರುತಿಸುತ್ತದೆ. ಕೆಲವು ಚೌಕಗಳನ್ನು ನೀವೇ ಎಣಿಸಿ ತಾಳೆ ನೋಡಿ.

ನಿಜವಾದ ಕೆಲಸವಿರುವುದು ಅಂಚಿನ ಗೆರೆ ಎಳೆಯುವುದರಲ್ಲಿ. ಗಡ್ಡೆಯ ಕೊನೆಯ ಕೋಶಗುಂಪುಗಳನ್ನು ಸೇರಿಸುತ್ತ ಹೋಗುವ ಗೆರೆಯ ಎರಡೂ ಬದಿಗೆ 500 ಮೈಕ್ರಾನ್ ತೆಗೆದುಕೊಂಡು ಒಂದು ಮಿಲಿಮೀಟರ್ ಪಟ್ಟಿಯನ್ನು ಅಂಚೆಂದು ಪರಿಗಣಿಸುವುದು ರೂಢಿ. ಗಡ್ಡೆಯು ಗೋಡೆ ಕಟ್ಟಿದಂತೆ ಬೆಳೆದಿದ್ದರೆ ಇದು ಸುಲಭ. ಆದರೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೋಶಗಳ ಮೊಗ್ಗುಗಳಾಗಿ ಸುತ್ತಲೂ ಚದುರಿದ್ದರೆ, ಒಬ್ಬರು ಮೊಗ್ಗುಗಳನ್ನು ಒಳಗೆ ಸೇರಿಸಿ, ಇನ್ನೊಬ್ಬರು ಹೊರಗೆ ಬಿಟ್ಟು, ಒಂದೇ ಸ್ಲೈಡಿನಿಂದ ಬೇರೆ ಬೇರೆ ಸಾಂದ್ರತೆ ಪಡೆಯುತ್ತಾರೆ. ಹಾಗಾಗಿ ನಿಯಮವನ್ನು ಮೊದಲೇ ಬರೆದಿಟ್ಟು, ಇಬ್ಬರು ಪ್ರತ್ಯೇಕವಾಗಿ ಗೆರೆ ಎಳೆದು ಹೋಲಿಸಬೇಕು, ಅದೂ ರೋಗಿಯ ಮುಂದಿನ ಸ್ಥಿತಿ ತಿಳಿಯುವ ಮೊದಲೇ. ಕೊಳೆತ ಭಾಗ, ಲೋಳೆಯ ಕೊಳಗಳು, ಮಡಿಚಿದ ಅಂಗಾಂಶ ಇವನ್ನು ಕಳೆಯಲು ಮರೆಯಬಾರದು. ಲೋಳೆ ತುಂಬಿದ ಗಡ್ಡೆಯಲ್ಲಿ ಖಾಲಿ ಜಾಗವೇ ವಿಸ್ತೀರ್ಣವನ್ನು ಹಿಗ್ಗಿಸಿ ಸಾಂದ್ರತೆಯನ್ನು ತಗ್ಗಿಸಿ ತೋರಿಸುತ್ತದೆ.

ಇಷ್ಟಾದ ಮೇಲೆ ಪ್ರತಿ ಕೋಶದ ಬಗೆ ಮತ್ತು ಅದರ ಸ್ಥಾನದ ಎರಡು ಅಂಕಿಗಳು ಕೈಗೆ ಬರುತ್ತವೆ. ಸಿಡಿ8 ಕೋಶಗಳು ಕ್ಯಾನ್ಸರ್ ಕೋಶಗಳಿಗೆ ಹತ್ತಿರವಿವೆ ಎಂದು ಕೂಡಲೇ ತೀರ್ಮಾನಿಸಬಾರದು, ಏಕೆಂದರೆ ಇಕ್ಕಟ್ಟಾದ ಜಾಗದಲ್ಲಿ ಎಲ್ಲವೂ ಎಲ್ಲಕ್ಕೂ ಹತ್ತಿರವೇ. ಸ್ಥಾನಗಳನ್ನು ಹಾಗೆಯೇ ಇಟ್ಟು, ಕೋಶಗಳ ಹೆಸರುಗಳನ್ನು ಮಾತ್ರ ಸಾವಿರ ಸಲ ಕಲಸಿ, ಆಗ ಸಿಗುವ ದೂರಗಳ ಜೊತೆ ನಿಜವಾದ ದೂರವನ್ನು ಹೋಲಿಸಬೇಕು. ಆದರೆ ಕ್ಯಾನ್ಸರ್ ಕೋಶಗಳು ಕಟ್ಟಿದ ಗ್ರಂಥಿಯೊಳಗಿನ ಕೋಶದ ಹೆಸರನ್ನು ಹೊರಗಿನ ನಾರಿನ ಅಂಗಾಂಶದ ಕೋಶಕ್ಕೆ ಕೊಟ್ಟರೆ ಅಸಾಧ್ಯವಾದ ಗಡ್ಡೆಯೊಂದರ ಜೊತೆ ಹೋಲಿಸಿದಂತಾಗುತ್ತದೆ. ಆದ್ದರಿಂದ ನಾರಿನ ಅಂಗಾಂಶದ ಕೋಶಗಳನ್ನು ಅಲ್ಲಿಯೇ ಕಲಸಬೇಕು. ಲೆಕ್ಕದ ಘಟಕ ರೋಗಿಯೇ ಹೊರತು ಕೋಶವಲ್ಲ: 30 ರೋಗಿಗಳಿಂದ ಹತ್ತು ಲಕ್ಷ ಕೋಶ ಎಣಿಸಿದರೂ ಮಾದರಿಯ ಗಾತ್ರ 30 ಮಾತ್ರ.

ಹೆಚ್ಚು ಪ್ರತಿಕಾಯಗಳಿದ್ದರೆ ಪ್ರತಿ ಕೋಶದ ಸುತ್ತಲಿನ ಹತ್ತು ಕೋಶಗಳು ಯಾವುವೆಂದು ನೋಡಿ, ಒಂದೇ ಬಗೆಯ ವಠಾರಗಳನ್ನು ಗುಂಪಾಗಿಸಬಹುದು. 2020ರಲ್ಲಿ, ಒಂದೇ ಪದರದಲ್ಲಿ ಹತ್ತಾರು ಪ್ರೋಟೀನುಗಳನ್ನು ಗುರುತಿಸುವ ಕೋಡೆಕ್ಸ್ ತಂತ್ರದಿಂದ 35 ರೋಗಿಗಳ ಗಡ್ಡೆಗಳಲ್ಲಿ 56 ಗುರುತುಗಳನ್ನು ನೋಡಿದ ಅಧ್ಯಯನವು ಈ ಹಾದಿಯಲ್ಲಿ ಒಂಬತ್ತು ವಠಾರಗಳನ್ನು ಗುರುತಿಸಿತು. ವಂಶವಾಹಿಗಳ ಚಟುವಟಿಕೆಯನ್ನು ಅಳೆಯುವ ಹಳೆಯ ವೀಸಿಯಂ ಸ್ಲೈಡಿನ ಚುಕ್ಕೆ 55 ಮೈಕ್ರಾನ್ ಅಗಲವಿದ್ದು, ಒಂದೊಂದರಲ್ಲೂ ಹಲವು ಕೋಶಗಳು ಬೆರೆತಿರುತ್ತವೆ. ಅಂಚಿನ ಸೂಕ್ಷ್ಮ ಪ್ರಶ್ನೆಗಳಿಗೆ ನಾನಂತೂ ಅದನ್ನು ಆರಿಸುವುದಿಲ್ಲ.

ಲಿಂಫೋಸೈಟುಗಳ ಗುಡ್ಡೆಗಳನ್ನು ಎಣಿಸುವವರು ಇನ್ನೊಂದನ್ನು ಗಮನಿಸಬೇಕು. ಒಂದು ಪದರದಲ್ಲಿ ಬಿಡಿಬಿಡಿಯಾಗಿ ಕಾಣುವ ಇಂಥ ಹಲವು ಗುಡ್ಡೆಗಳು ಆಳದಲ್ಲಿ ಪರಸ್ಪರ ಕೂಡಿಕೊಂಡಿರುತ್ತವೆ ಎಂದು ಮೂರು ಆಯಾಮಗಳ ನಕ್ಷೆಯೊಂದು 2023ರಲ್ಲಿ ತೋರಿಸಿತು. ಬ್ಲಾಕಿನಲ್ಲಿ ಅಂಗಾಂಶ ಉಳಿದಿದ್ದರೆ, ರೋಗಿಯ ಮುಂದಿನ ಪರೀಕ್ಷೆಗೆ ಬೇಕಾಗುವಷ್ಟನ್ನು ಬಿಟ್ಟು, ಕೆಲವು ನೂರು ಮೈಕ್ರಾನ್ ಕೆಳಗೆ ಮತ್ತೊಂದು ಪದರ ಕತ್ತರಿಸಿ ಅದೇ ಲೆಕ್ಕವನ್ನು ಪುನಃ ಮಾಡಿ ನೋಡಬೇಕು.